ಮಗುವಿನ ಮೌನಕ್ಕೆ ಕಿವಿಗೊಟ್ಟ ತಾಯಿ: ಡಾ. ಮರಿಯಾ ಮಾಂಟೆಸ್ಸೊರಿ

ತಮ್ಮ ಬಳಿಗೆ ಬರುತ್ತಿದ್ದ ಚಿಕ್ಕ ಮಕ್ಕಳನ್ನು ಶಿಷ್ಯರು ಗದರಿಸಿ ಹಿಂದಕ್ಕೆ ಸರಿಸಲು ಹೊರಟಾಗ ನಮ್ಮ ಪ್ರಭು ಯೇಸುಕ್ರಿಸ್ತರು ಬೇಸರಗೊಂಡರೆಂದು ಸಂತ ಮಾರ್ಕನ ಶುಭಸಂದೇಶವು ನಮಗೆ ತಿಳಿಸುತ್ತದೆ. ಆ ಬೇಸರವು ಮಕ್ಕಳ ಮೇಲಲ್ಲ, ಶಿಷ್ಯರ ಮೇಲೆ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರಕ್ಕಾಗಿ ದುಡಿದ ಗುರುವರ್ಯರನ್ನೂ ಧರ್ಮಭಗಿನಿಯರನ್ನೂ ಹಿರಿಯ ಭಕ್ತಾದಿಗಳನ್ನೂ ಸ್ಮರಿಸುವುದು ನಮ್ಮ ಕರ್ತವ್ಯ. ಆ ಕಾರ್ಯವನ್ನು ಈ ಸ್ಮರಣ ಸಂಚಿಕೆಯ ಇತರ ಲೇಖಕರು ಯೋಗ್ಯವಾಗಿ ನೆರವೇರಿಸಿದ್ದಾರೆ. ನಾನಾದರೋ, ದೇವಾಲಯದ ಮುಂದಿನ ಚಾಪೆಯ ಮೇಲೆ ಕುಳಿತು ಬಲಿಪೂಜೆಯನ್ನು ಕಣ್ಣರಳಿಸಿ ನೋಡುವ ಪುಟಾಣಿಗಳನ್ನು ನೆನೆದು, ಅಂಥವರಿಗಾಗಿಯೇ ಬಾಳನ್ನು ಸವೆಸಿದ ಒಬ್ಬ ಮಹಿಳೆಯ ಜೀವನಚರಿತ್ರೆಯನ್ನು ಓದುಗರ ಮುಂದಿಡಬಯಸುತ್ತೇನೆ.

ಮಾಂಟೆಸರಿ ಎಂಬ ಮಾತು ನಮ್ಮ ಜನರಿಗೆ ಅಪರಿಚಿತವಲ್ಲ. ನಗರವಾಗಲಿ ತಾಲ್ಲೂಕು ಕೇಂದ್ರವಾಗಲಿ, ಪುಟ್ಟ ಮಕ್ಕಳ ಶಾಲೆಯೆಂದರೆ ನಾಲಿಗೆಯ ಮೇಲೆ ಸುಲಭವಾಗಿ ಬರುವ ಹೆಸರು ಅದು. ಆದರೆ ಅದು ಒಂದು ಪಾಠಕ್ರಮದ ಹೆಸರೆಂದೋ ಒಂದು ಊರಿನ ಹೆಸರೆಂದೋ ತಿಳಿದವರೇ ಹೆಚ್ಚು. ಅದು ಒಬ್ಬ ತಾಯಿಯ ಹೆಸರು. ಆಕೆ ನಮ್ಮ ಕಥೋಲಿಕ ಧರ್ಮಸಭೆಯ ಮಗಳು. ಅಷ್ಟೇ ಅಲ್ಲ, ತಮ್ಮ ಜೀವನದ ಸಂಧ್ಯಾಕಾಲದ ಹಲವು ವರ್ಷಗಳನ್ನು ನಮ್ಮ ಭಾರತದಲ್ಲಿಯೇ ಕಳೆದವರು.

ಮರಿಯಾ ಮಾಂಟೆಸ್ಸೊರಿಯವರು 1870ನೆಯ ಇಸವಿ ಆಗಸ್ಟ್ 31ರಂದು ಇಟಲಿ ದೇಶದ ಅಂಕೋನಾ ನಗರದ ಸಮೀಪದ ಕಿಯಾರವಾಲ್ಲೆ ಎಂಬಲ್ಲಿ ಜನಿಸಿದರು. ತಂದೆ ಅಲೆಸ್ಸಾಂದ್ರೊ ಸರ್ಕಾರಿ ಅಧಿಕಾರಿ. ತಾಯಿ ರೆನಿಲ್ದೆ ಓದಿನಲ್ಲಿ ಬಹಳ ಆಸಕ್ತಿಯುಳ್ಳ ಗೃಹಿಣಿ. ಮರಿಯಾ ಚಿಕ್ಕವರಿದ್ದಾಗಲೇ ಕುಟುಂಬವು ರೋಮ್ ನಗರದಲ್ಲಿ ನೆಲೆಸಿತು. ಹೆಣ್ಣುಮಕ್ಕಳು ಹೆಚ್ಚೆಂದರೆ ಉಪಾಧ್ಯಾಯಿನಿಯಾಗಬಹುದೆಂದು ಸಮಾಜ ನಂಬಿದ್ದ ಕಾಲವದು. ಈ ಹುಡುಗಿಯಾದರೋ ಗಂಡುಹುಡುಗರ ತಾಂತ್ರಿಕ ಶಾಲೆಗೆ ಸೇರಿ ಗಣಿತವನ್ನು ಓದಿದಳು. ಬಳಿಕ ವೈದ್ಯಳಾಗುವೆನೆಂದು ಹಟ ಹಿಡಿದಳು. ತಂದೆಗೆ ಅದು ರುಚಿಸಲಿಲ್ಲ. ತಾಯಿ ಮಾತ್ರ ಬೆನ್ನಿಗೆ ನಿಂತರು. ಪುರುಷ ವಿದ್ಯಾರ್ಥಿಗಳೊಡನೆ ನಿಂತು ಶವಚ್ಛೇದನ ಮಾಡುವುದು ಸ್ತ್ರೀಗೆ ಉಚಿತವಲ್ಲವೆಂದು ಅಂದಿನವರು ಭಾವಿಸಿದ್ದರಿಂದ, ಎಲ್ಲರೂ ಹೊರಟುಹೋದ ಮೇಲೆ ಆಕೆ ಒಬ್ಬಳೇ ಆ ಅಭ್ಯಾಸವನ್ನು ನಡೆಸಬೇಕಾಗಿತ್ತು. 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದು, ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರೆನಿಸಿದರು.

ಇಲ್ಲಿ ಒಂದು ನೋವಿನ ಸಂಗತಿಯನ್ನು ಹೇಳಬೇಕಾಗಿದೆ. ಸ್ಮರಣ ಸಂಚಿಕೆಗಳಲ್ಲಿ ಇಂಥದನ್ನು ಮರೆಮಾಚುವುದು ವಾಡಿಕೆ. ಆದರೆ ಸತ್ಯವನ್ನು ಮುಚ್ಚಿಟ್ಟು ಯಾರನ್ನೂ ಗೌರವಿಸಲಾಗದು. 1898ರಲ್ಲಿ ಮರಿಯಾ ಅವರಿಗೆ ಒಬ್ಬ ಗಂಡುಮಗು ಹುಟ್ಟಿತು. ಮಗುವಿನ ತಂದೆ ಅವರೊಡನೆ ಕೆಲಸ ಮಾಡುತ್ತಿದ್ದ ವೈದ್ಯರು. ಅವರಿಬ್ಬರ ವಿವಾಹ ನಡೆಯಲಿಲ್ಲ. ಅಂದಿನ ಸಮಾಜದ ಕಣ್ಣಿಗೆ ಅಂಜಿ ಮಾರಿಯೊ ಎಂಬ ಆ ಶಿಶುವನ್ನು ಹಳ್ಳಿಯ ಕುಟುಂಬವೊಂದರ ಆರೈಕೆಗೆ ಒಪ್ಪಿಸಲಾಯಿತು. ತಾಯಿ ಆಗಾಗ ಬಂದು ಮಗನನ್ನು ನೋಡಿ ಹೋಗುತ್ತಿದ್ದರು. ತಾವು ಯಾರೆಂದು ಹೇಳುವಂತಿರಲಿಲ್ಲ. ಲೋಕದ ಮಕ್ಕಳಿಗೆ ಬಾಲ್ಯವನ್ನು ಮರಳಿ ಕೊಡಿಸಿದವರು ತಮ್ಮ ಮಗನ ಬಾಲ್ಯವನ್ನು ದೂರದಿಂದಲೇ ಕಾಣಬೇಕಾಯಿತು. ಮುಂದೆ ಅವರು ಮಾಡಿದ ಕೆಲಸವನ್ನೆಲ್ಲ ಈ ಗಾಯದಿಂದಲೇ ವಿವರಿಸುವುದು ಸರಿಯಲ್ಲ; ಆದರೆ ಈ ಗಾಯವನ್ನು ಮರೆತು ಅವರನ್ನು ಅರಿಯುವುದೂ ಸಾಧ್ಯವಿಲ್ಲ.

ವೈದ್ಯರಾಗಿ ಅವರು ಬುದ್ಧಿಮಾಂದ್ಯರೆಂದು ತಿರಸ್ಕೃತರಾದ ಮಕ್ಕಳನ್ನು ಹುಚ್ಚಾಸ್ಪತ್ರೆಗಳಲ್ಲಿ ಕಂಡರು. ಬರಿಯ ಗೋಡೆಗಳ ನಡುವೆ ಕೂಡಿಹಾಕಿದ್ದ ಆ ಮಕ್ಕಳು ಊಟವಾದ ಮೇಲೆ ನೆಲದ ಮೇಲಿನ ರೊಟ್ಟಿಯ ಚೂರುಗಳನ್ನು ಆಯುತ್ತಿದ್ದುದನ್ನು ಕಾವಲಿನವಳು ಹೊಟ್ಟೆಬಾಕತನವೆಂದು ಹಳಿದಳು. ಮರಿಯಾ ಅವರ ಕಣ್ಣಿಗೆ ಬೇರೊಂದು ಕಂಡಿತು. ಆ ಕೋಣೆಯಲ್ಲಿ ಕೈಗೆ ಹಿಡಿಯಲು, ಮುಟ್ಟಿ ತಿರುವಿ ನೋಡಲು ಬೇರಾವ ವಸ್ತುವೂ ಇರಲಿಲ್ಲ. ಹಸಿದಿದ್ದುದು ಹೊಟ್ಟೆಯಲ್ಲ, ಕೈ ಮತ್ತು ಬುದ್ಧಿ. ಫ್ರಾನ್ಸ್ ದೇಶದ ಇತಾರ್ ಮತ್ತು ಸೆಗೆಂ ಎಂಬ ವೈದ್ಯರ ಗ್ರಂಥಗಳನ್ನು ಅವರು ಆಳವಾಗಿ ಅಭ್ಯಸಿಸಿ, ಕೈಯಿಂದ ಕಲಿಯುವ ಉಪಕರಣಗಳನ್ನು ರೂಪಿಸಿ, ಆ ಮಕ್ಕಳಿಗೆ ಓದುಬರಹ ಕಲಿಸಿದರು. ಅವರಲ್ಲಿ ಕೆಲವರು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಜನರು ಬೆರಗಾದರು. ಮರಿಯಾ ಅವರನ್ನು ಕಾಡಿದ ಪ್ರಶ್ನೆಯೇ ಬೇರೆ: ಇವರು ಇಷ್ಟು ಕಲಿಯಬಲ್ಲರಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಯಾವ ಕೆಳಮಟ್ಟದಲ್ಲಿ ಹಿಡಿದಿಟ್ಟಿವೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಅವಕಾಶ 1907ರಲ್ಲಿ ಒದಗಿತು. ನಮ್ಮ ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರದ ಅಣೆಕಟ್ಟು ಪೂರ್ಣಗೊಂಡದ್ದೂ ಅದೇ ವರ್ಷ. ರೋಮ್ ನಗರದ ಸಾನ್ ಲೊರೆಂತ್ಸೊ ಎಂಬುದು ಕಡುಬಡವರಾದ ಕೂಲಿಕಾರರ ಬಡಾವಣೆ. ತಂದೆತಾಯಿಗಳಿಬ್ಬರೂ ದುಡಿಯಲು ಹೋದಾಗ, ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳ ಮೇಲೆ ಓಡಾಡಿ ಹೊಸದಾಗಿ ದುರಸ್ತಿಯಾದ ಗೋಡೆಗಳನ್ನು ಕೆಡಿಸುತ್ತಿದ್ದರು. ಕಟ್ಟಡದ ಒಡೆತನದ ಸಂಸ್ಥೆಯು ಈ ಮಕ್ಕಳನ್ನು ಒಂದೆಡೆ ಕೂಡಿಸಿ ನೋಡಿಕೊಳ್ಳುವ ಹೊಣೆಯನ್ನು ಮಾಂಟೆಸ್ಸೊರಿಯವರಿಗೆ ವಹಿಸಿತು. ಜನವರಿ 6ರಂದು, ಮೂಡಣ ದೇಶದ ಜ್ಞಾನಿಗಳು ಬಾಲಯೇಸುವನ್ನು ದರ್ಶಿಸಿದ ಹಬ್ಬದ ದಿನ, ಸುಮಾರು ಐವತ್ತು ಮಕ್ಕಳೊಡನೆ ‘ಮಕ್ಕಳ ಮನೆ’ ಆರಂಭವಾಯಿತು. ಅಂದಿನ ಪೂಜಾವಾಚನದಲ್ಲಿ ಕೇಳಿದ ಕತ್ತಲೆ ಮತ್ತು ಬೆಳಕಿನ ಮಾತುಗಳು ಆ ದಿನ ತಮ್ಮ ಮನಸ್ಸಿನಲ್ಲಿದ್ದವೆಂದು ಅವರು ಮುಂದೆ ಬರೆದಿದ್ದಾರೆ. ಅಳುವ, ಅಂಜುವ, ಮುಖದಲ್ಲಿ ಕಳೆಯಿಲ್ಲದ ಮಕ್ಕಳು. ತರಬೇತಿಯಿಲ್ಲದ ಒಬ್ಬ ಸಾಧಾರಣ ಹೆಣ್ಣುಮಗಳು ಅವರ ಪಾಲಕಿ. ಆರಂಭವೆಂದರೆ ಅಷ್ಟೇ.

ಅಲ್ಲಿ ನಡೆದ ಕೆಲವು ಘಟನೆಗಳು ಶಿಕ್ಷಣದ ಇತಿಹಾಸವನ್ನೇ ಬದಲಿಸಿದವು. ಮೂರು ವರ್ಷದ ಬಾಲಕಿಯೊಬ್ಬಳು ಬೇರೆಬೇರೆ ಗಾತ್ರದ ಮರದ ಗುಂಡುಗಳನ್ನು ಅವುಗಳಿಗೆ ತಕ್ಕ ಕುಳಿಗಳಲ್ಲಿ ಇಡುತ್ತಿದ್ದಳು. ಎಲ್ಲವನ್ನೂ ಇಟ್ಟಾದ ಮೇಲೆ ತೆಗೆದು ಮತ್ತೆ ಇಡುವಳು. ಸುತ್ತ ಮಕ್ಕಳನ್ನು ಹಾಡಿಸಿದರು, ಕುಣಿಸಿದರು. ಅವಳನ್ನು ಕುರ್ಚಿಯ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅವಳ ಗಮನ ಕದಲಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಅದನ್ನೇ ಮಾಡಿ, ಯಾರೂ ಹೇಳದೆ ತಾನಾಗಿ ನಿಲ್ಲಿಸಿ, ಚೆನ್ನಾಗಿ ನಿದ್ರಿಸಿ ಎದ್ದವಳಂತೆ ಪ್ರಸನ್ನಳಾಗಿ ಸುತ್ತಲೂ ನೋಡಿದಳು. ಚಿಕ್ಕ ಮಕ್ಕಳ ಮನಸ್ಸು ಒಂದೆಡೆ ನಿಲ್ಲದೆಂಬ ಹಿರಿಯರ ನಂಬಿಕೆ ಅಂದೇ ಸುಳ್ಳಾಯಿತು. ಮನಸ್ಸು ನಿಲ್ಲದಿದ್ದುದು ಮಗುವಿನ ದೋಷದಿಂದಲ್ಲ. ನಿಲ್ಲಲು ತಕ್ಕ ಕೆಲಸವನ್ನು ನಾವು ಕೊಡದೆ, ಕೊಟ್ಟಾಗಲೂ ನಡುವೆ ಬಾಯಿ ಹಾಕುತ್ತಿದ್ದುದರಿಂದ.

ಇನ್ನೊಂದು ದಿನ ಅವರು ಮಕ್ಕಳಿಗೆ ಮೂಗನ್ನು ಸದ್ದಿಲ್ಲದೆ, ಅಂದವಾಗಿ ಒರೆಸಿಕೊಳ್ಳುವುದು ಹೇಗೆಂದು ತೋರಿಸಿದರು. ಮಕ್ಕಳು ನಗುವರೆಂದು ಅವರು ಎಣಿಸಿದ್ದರು. ಆದರೆ ಪಾಠ ಮುಗಿದೊಡನೆ ಮಕ್ಕಳೆಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೆ ಆಗ ಹೊಳೆಯಿತು: ಗೊಣ್ಣೆಮೂಗಿನವರೆಂದು ಎಲ್ಲರಿಂದ ಬೈಸಿಕೊಂಡಿದ್ದ ಈ ಮಕ್ಕಳಿಗೆ ಬೈಯದೆ ಕಲಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಬಡ ಮಗುವಿಗೂ ಮಾನವಿದೆ. ಆ ಮಾನವನ್ನು ಕಾಪಾಡಿ ಕಲಿಸುವುದೇ ನಿಜವಾದ ಶಿಕ್ಷಣ.

ಮೌನದ ಪಾಠವು ಹುಟ್ಟಿದ್ದೂ ಹೀಗೆಯೇ. ಒಮ್ಮೆ ಅವರು ನಾಲ್ಕು ತಿಂಗಳ ಹಸುಳೆಯೊಂದನ್ನು ಅದರ ತಾಯಿಯ ಕೈಯಿಂದ ಎತ್ತಿಕೊಂಡು ತರಗತಿಯೊಳಗೆ ಬಂದರು. ಬಟ್ಟೆಯಲ್ಲಿ ಸುತ್ತಿದ್ದ ಆ ಕೂಸು ಅಲುಗದೆ ಮಲಗಿತ್ತು. ಇದರಷ್ಟು ಸದ್ದಿಲ್ಲದೆ ಇರಲು ನಿಮ್ಮಿಂದಾಗದೆಂದು ಅವರು ವಿನೋದವಾಗಿ ಹೇಳಿದರು. ಮಕ್ಕಳು ನಗಲಿಲ್ಲ, ಕಾಲುಗಳನ್ನು ಜೋಡಿಸಿ, ಉಸಿರನ್ನೂ ಮೆಲ್ಲಗೆ ಮಾಡಿ ಕುಳಿತರು. ಆ ಕೋಣೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿತು. ಮುಂದೆ ಇದು ಅವರ ಶಾಲೆಗಳ ಒಂದು ನಿಯತ ಅಭ್ಯಾಸವಾಯಿತು. ಮಕ್ಕಳು ಮೌನವಾಗಿ ಕುಳಿತಾಗ ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನು ಪಿಸುದನಿಯಲ್ಲಿ ಕರೆಯುವುದು. ಕರೆಸಿಕೊಂಡ ಮಗು ಕುರ್ಚಿಯ ಸದ್ದೂ ಆಗದಂತೆ ಎದ್ದು ಬರುವುದು. ಇಂದು ಪಟ್ಟಣಗಳ ಶಾಲೆಗಳು ‘ಮೈಂಡ್‌ಫುಲ್‌ನೆಸ್’ ಎಂಬ ಹೊಸ ಹೆಸರಿನಿಂದ ಕಲಿಸಲು ಹವಣಿಸುವ ಅವಧಾನವನ್ನು ಈ ತಾಯಿ ನೂರು ವರ್ಷಗಳ ಹಿಂದೆಯೇ ಬಡವರ ಕೇರಿಯಲ್ಲಿ ಕಂಡುಕೊಂಡಿದ್ದರು. ಇದು ಬೆದರಿಕೆಯಿಂದ ಹೇರಿದ ಮೌನವಲ್ಲ, ಮಗುವು ತಾನೇ ಆರಿಸಿಕೊಂಡ ಮೌನ. ದೇವಾಲಯದಲ್ಲಿ ಬಾಲಕ ಸಮುವೇಲನು ತನ್ನ ಹೆಸರನ್ನು ಕೇಳಿಸಿಕೊಂಡದ್ದು ಇಂಥ ಮೌನದಲ್ಲಿಯೇ ಅಲ್ಲವೇ?

ಈ ಅನುಭವಗಳಿಂದಲೇ ಅವರ ಪದ್ಧತಿಯು ರೂಪುಗೊಂಡಿತು. ಮಗುವಿನ ಅಳತೆಯ ಮೇಜು ಕುರ್ಚಿಗಳು, ಕೈಗೆಟಕುವ ಕಪಾಟು, ಬೆರಳಿನಿಂದ ತೀಡಲು ಉಪ್ಪುಕಾಗದದ ಅಕ್ಷರಗಳು, ಎಣಿಸಲು ಮಣಿಗಳು, ಗುಡಿಸುವುದು, ನೀರು ಸುರಿಯುವುದು, ಗುಂಡಿ ಹಾಕುವುದು ಮೊದಲಾದ ಮನೆಗೆಲಸಗಳು. ಬಹುಮಾನವೂ ಇಲ್ಲ, ದಂಡನೆಯೂ ಇಲ್ಲ. ಶಿಕ್ಷಕಿಯು ಹೆಚ್ಚು ನೋಡಬೇಕು, ಕಡಿಮೆ ಮಾತನಾಡಬೇಕು. ನಾಲ್ಕೈದು ವರ್ಷದ ಮಕ್ಕಳು ತಾವಾಗಿಯೇ ಬರೆಯತೊಡಗಿದಾಗ ಸುದ್ದಿ ದೇಶದೇಶಗಳಿಗೆ ಹಬ್ಬಿತು. 1909ರಲ್ಲಿ ಅವರ ಮೊದಲ ಮಹತ್ವದ ಗ್ರಂಥವು ಪ್ರಕಟವಾಯಿತು. 1912ರ ಕೊನೆಯಲ್ಲಿ ತಾಯಿ ರೆನಿಲ್ದೆ ತೀರಿಕೊಂಡ ಬಳಿಕ, ಹದಿಹರೆಯದ ಮಾರಿಯೊ ಹೆತ್ತತಾಯಿಯ ಬಳಿಗೆ ಬಂದು ಸೇರಿದನು. ಆದರೂ ಬಹುಕಾಲ ಲೋಕದ ಮುಂದೆ ಅವನನ್ನು ಸೋದರಳಿಯನೆಂದೋ ಸಾಕುಮಗನೆಂದೋ ಪರಿಚಯಿಸಲಾಗುತ್ತಿತ್ತು.

ಧರ್ಮಸಭೆಯೊಡನೆ ಅವರ ಸಂಬಂಧವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1908ರ ಡಿಸೆಂಬರ್ 28ರಂದು ಮೆಸ್ಸಿನಾ ನಗರವನ್ನು ನೆಲಸಮಗೊಳಿಸಿದ ಭೂಕಂಪದಲ್ಲಿ ಅನಾಥರಾದ ಮಕ್ಕಳನ್ನು ರೋಮಿನ ಕನ್ಯಾಮಠವೊಂದರಲ್ಲಿ ಮರಿಯಮ್ಮನವರ ಫ್ರಾನ್ಸಿಸ್ಕನ್ ಮಿಷನರಿ ಭಗಿನಿಯರು ಈ ಪದ್ಧತಿಯಿಂದಲೇ ಸಂತೈಸಿ ಬೆಳೆಸಿದರು. ಆ ಸಭೆಯು ಸ್ಥಾಪನೆಯಾದದ್ದು 1877ರಲ್ಲಿ, ನಮ್ಮ ನೆರೆಯ ನೀಲಗಿರಿಯ ಉದಕಮಂಡಲದಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯ. 1918ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಮಾಂಟೆಸ್ಸೊರಿಯವರನ್ನು ಬರಮಾಡಿಕೊಂಡು ಅವರ ಕಾರ್ಯವನ್ನು ಆಶೀರ್ವದಿಸಿದರು. ಸ್ಪೇನಿನ ಬಾರ್ಸಿಲೋನಾದಲ್ಲಿ ಮಕ್ಕಳಿಗಾಗಿಯೇ ಪುಟ್ಟ ಪ್ರಾರ್ಥನಾಲಯವನ್ನು ಸಿದ್ಧಪಡಿಸಿ, ಪೂಜಾವಿಧಿಯನ್ನು ಮಕ್ಕಳು ಕಣ್ಣಿಂದ ಕಂಡು ಕೈಯಿಂದ ಮುಟ್ಟಿ ಕಲಿಯುವಂತೆ ಮಾಡಿದರು. ಅಲ್ಲಿನ ಮಕ್ಕಳು ಗೋಧಿಯನ್ನು ಬಿತ್ತಿ, ದ್ರಾಕ್ಷಿಯನ್ನು ಬೆಳೆಸಿ, ಬಲಿಪೂಜೆಯ ರೊಟ್ಟಿಗೂ ದ್ರಾಕ್ಷಾರಸಕ್ಕೂ ತಮ್ಮ ಶ್ರಮವನ್ನು ಅರ್ಪಿಸಿದರು. ಮಗುವಿನ ಸ್ವಾತಂತ್ರ್ಯವನ್ನು ಇಷ್ಟೊಂದು ಎತ್ತಿಹಿಡಿದರೆ ಜನ್ಮಪಾಪದ ಬೋಧನೆಗೆ ಕುಂದು ಬಾರದೇ ಎಂದು ಕೆಲವು ಕಥೋಲಿಕ ಪಂಡಿತರು ಆಕ್ಷೇಪಿಸಿದ್ದೂ ಉಂಟು. ಸ್ವಾತಂತ್ರ್ಯವೆಂದರೆ ಮನಬಂದಂತೆ ನಡೆಯುವುದಲ್ಲ, ಒಳಿತನ್ನು ತಾನಾಗಿ ಆರಿಸಿಕೊಳ್ಳುವ ಶಕ್ತಿಯೆಂಬುದನ್ನು ಅವರ ತರಗತಿಗಳಲ್ಲಿನ ಶಿಸ್ತೇ ತೋರಿಸಿತು.

ಕೆಡುಕಿನ ದಿನಗಳೂ ಬಂದವು. ಇಟಲಿಯ ಸರ್ವಾಧಿಕಾರಿ ಮುಸ್ಸೊಲಿನಿ ಮೊದಲು ಅವರ ಶಾಲೆಗಳಿಗೆ ಬೆಂಬಲವಿತ್ತನು. ಆ ಬೆಂಬಲವನ್ನು ಅವರು ಸ್ವೀಕರಿಸಿದ್ದನ್ನು ಇಂದಿಗೂ ಟೀಕಿಸುವವರಿದ್ದಾರೆ. ಆದರೆ ಪುಟ್ಟ ಮಕ್ಕಳನ್ನು ಸಿಪಾಯಿಗಳನ್ನಾಗಿಸುವ ಆಡಳಿತಕ್ಕೂ ಮಗುವಿನ ಮನಸ್ಸನ್ನು ಗೌರವಿಸುವ ಶಾಲೆಗೂ ಬಹುಕಾಲ ಹೊಂದಿಕೆಯಾಗದು. 1934ರ ಹೊತ್ತಿಗೆ ಸಂಬಂಧ ಮುರಿಯಿತು; ಜರ್ಮನಿಯಲ್ಲಿ ಹಿಟ್ಲರನೂ ಅವರ ಶಾಲೆಗಳನ್ನು ಮುಚ್ಚಿಸಿದನು. 1936ರಲ್ಲಿ ಸ್ಪೇನಿನ ಅಂತರ್ಯುದ್ಧವು ಅವರನ್ನು ಬಾರ್ಸಿಲೋನಾದಿಂದಲೂ ಹೊರಡಿಸಿತು. ಅರುವತ್ತೈದು ದಾಟಿದ ವಯಸ್ಸಿನಲ್ಲಿ ನೆಲೆಯಿಲ್ಲದವರಾಗಿ ಹಾಲೆಂಡ್ ದೇಶವನ್ನು ಸೇರಿದರು.

ಆಗ ಭಾರತವು ಕರೆಯಿತು. ನಮ್ಮ ದೇಶಕ್ಕೆ ಅವರ ವಿಚಾರಗಳು ಹೊಸವಾಗಿರಲಿಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ಅವರು 1920ರಲ್ಲಿಯೇ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದಿದ್ದರು. ಮಹಾತ್ಮ ಗಾಂಧಿಯವರು 1931ರಲ್ಲಿ ಲಂಡನ್ನಿನಲ್ಲಿ ಮಾಂಟೆಸ್ಸೊರಿಯವರನ್ನು ಕಂಡು, ಅವರ ವಿದ್ಯಾರ್ಥಿಗಳ ಮುಂದೆ ಮಾತನಾಡಿದ್ದರು. 1939ರ ನವೆಂಬರ್ ತಿಂಗಳಲ್ಲಿ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಅವರು ಮಗನೊಡನೆ ಮದ್ರಾಸಿನ ಅಡ್ಯಾರಿಗೆ ಬಂದಿಳಿದರು. ಗಿಜುಭಾಯಿಯವರು ಅದೇ ವರ್ಷದ ಜೂನ್ ತಿಂಗಳಲ್ಲಿ ತೀರಿಕೊಂಡಿದ್ದರು. ಮುನ್ನೂರಕ್ಕೂ ಹೆಚ್ಚು ಶಿಕ್ಷಕ ಶಿಕ್ಷಕಿಯರು ಅವರ ಮೊದಲ ತರಬೇತಿಗೆ ನೆರೆದರು. ಅವರು ಇಟಾಲಿಯನ್ ಭಾಷೆಯಲ್ಲಿ ಮಾತನಾಡುವರು. ಮಾರಿಯೊ ಅದನ್ನು ಇಂಗ್ಲಿಷಿಗೆ ತಿರುಗಿಸುವನು.

ಕೆಲವೇ ತಿಂಗಳ ತಂಗುವಿಕೆಗೆಂದು ಬಂದವರು ಯುದ್ಧದಿಂದಾಗಿ ಇಲ್ಲಿಯೇ ಉಳಿದರು. 1940ರ ಜೂನ್ ತಿಂಗಳಲ್ಲಿ ಇಟಲಿಯು ಯುದ್ಧಕ್ಕಿಳಿದಾಗ, ಶತ್ರುದೇಶದ ಪ್ರಜೆಗಳೆಂದು ಬ್ರಿಟಿಷ್ ಸರ್ಕಾರವು ಮಾರಿಯೊನನ್ನು ಬಂಧನ ಶಿಬಿರಕ್ಕೆ ಕಳುಹಿಸಿತು. ತಾಯಿಯು ಅಡ್ಯಾರಿನ ಆವರಣವನ್ನು ಬಿಟ್ಟು ಹೋಗದಂತೆ ನಿರ್ಬಂಧಿಸಿತು. ಮುದಿ ವಯಸ್ಸಿನಲ್ಲಿ ಮತ್ತೊಮ್ಮೆ ಆಕೆಯ ಮಗನು ಆಕೆಯಿಂದ ದೂರವಾದನು. ಆ ವರ್ಷ ಆಗಸ್ಟ್ 31ರಂದು ಅವರಿಗೆ ಎಪ್ಪತ್ತು ತುಂಬಿತು. ಅಂದು ವೈಸರಾಯರಿಂದ ತಂತಿಯೊಂದು ಬಂದಿತು: ಹುಟ್ಟುಹಬ್ಬದ ಉಡುಗೊರೆಯಾಗಿ ಆಕೆಯ ಮಗನನ್ನು ಆಕೆಗೆ ಮರಳಿಸಲಾಗುತ್ತಿದೆ ಎಂಬುದು ಅದರ ಸಾರಾಂಶ. ನಾಲ್ವತ್ತೆರಡು ವರ್ಷಗಳ ಕಾಲ ಲೋಕದ ಮುಂದೆ ಬಾಯಿಬಿಟ್ಟು ಹೇಳಲಾಗದಿದ್ದ ಸಂಬಂಧವು, ಅನ್ಯರಾಜ್ಯದ ಅಧಿಕಾರಿಯ ಕಾಗದದ ಮೇಲೆ, ನಮ್ಮ ಭಾರತದ ನೆಲದಲ್ಲಿ ಹೆಸರು ಪಡೆಯಿತು. ದೇವರ ಕರುಣೆಯು ಯಾವ ಬಾಗಿಲಿನಿಂದ ಬರುವುದೋ ಬಲ್ಲವರಾರು!

1942ರಿಂದ 1944ರವರೆಗೆ ಅವರು ಕೊಡೈಕಾನಲ್ ಬೆಟ್ಟದಲ್ಲಿದ್ದರು. ಅಲ್ಲಿನ ಗಿಡಮರ, ಹುಳುಹುಪ್ಪಟೆ, ಕಲ್ಲುನೀರುಗಳನ್ನು ಮಕ್ಕಳೊಡನೆ ನೋಡುತ್ತ, ಸೃಷ್ಟಿಯಲ್ಲಿ ಪ್ರತಿಯೊಂದಕ್ಕೂ ಒಂದು ಕರ್ತವ್ಯವಿದೆ, ಮನುಷ್ಯನಿಗೂ ಇದೆ ಎಂದು ಕಲಿಸುವ ವಿಶ್ವಶಿಕ್ಷಣದ ವಿಚಾರವನ್ನು ಬೆಳೆಸಿದರು. ಯುದ್ಧ ಮುಗಿದ ಬಳಿಕ 1946ರಲ್ಲಿ ಯೂರೋಪಿಗೆ ಮರಳಿ, ಮರುವರ್ಷ ಮತ್ತೆ ಭಾರತಕ್ಕೆ ಬಂದು 1949ರವರೆಗೆ ದುಡಿದರು. ಶಿಶುವಿನ ಮನಸ್ಸನ್ನು ಕುರಿತ ಅವರ ಪ್ರಸಿದ್ಧ ಗ್ರಂಥವೊಂದು 1949ರಲ್ಲಿ ಮದ್ರಾಸಿನಲ್ಲಿಯೇ ಅಚ್ಚಾಯಿತು. ಸಾವಿರಕ್ಕೂ ಹೆಚ್ಚು ಶಿಕ್ಷಕರು ಈ ನೆಲದಲ್ಲಿ ಅವರಿಂದ ತರಬೇತಿ ಪಡೆದರು. 1952ರ ಮೇ 6ರಂದು, ಎಂಬತ್ತೊಂದರ ವಯಸ್ಸಿನಲ್ಲಿ, ಹಾಲೆಂಡಿನ ಕಡಲತೀರದ ನೋರ್ಡ್‌ವೈಕ್ ಊರಿನಲ್ಲಿ ಅವರು ಕಣ್ಣುಮುಚ್ಚಿದರು. ಆಗಲೂ ಮಗನೊಡನೆ ಆಫ್ರಿಕಾ ಖಂಡಕ್ಕೆ ಹೋಗಿ ಕಲಿಸುವ ಮಾತನ್ನಾಡುತ್ತಿದ್ದರಂತೆ. ಅವರ ಸಮಾಧಿಯು ಅಲ್ಲಿನ ಕಥೋಲಿಕ ಸ್ಮಶಾನದಲ್ಲಿದೆ.

ಅವರು ಬಿತ್ತಿದ ಬೀಜವು ನಮ್ಮ ಮನೆಯಂಗಳದವರೆಗೂ ಬಂದಿದೆ. ಗಿಜುಭಾಯಿಯವರ ಸಹೋದ್ಯೋಗಿ ತಾರಾಬಾಯಿ ಮೋಡಕ್ ಅವರು ಮಹಾರಾಷ್ಟ್ರದ ಬೋರ್ಡಿಯಲ್ಲಿ, ಶಾಲೆಗೆ ಬಾರದ ಬಡ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು. ದುಬಾರಿ ಉಪಕರಣಗಳಿಗೆ ಬದಲಾಗಿ ಬೀಜ, ಎಲೆ, ಕಲ್ಲು, ಚಿಪ್ಪುಗಳನ್ನು ಬಳಸಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿ ಯೋಜನೆಯು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯೂ ಮಗುವು ತನ್ನ ವೇಗದಲ್ಲಿ, ಕೈಯಾಡಿಸಿ ಕಲಿಯಬೇಕೆಂಬ ತತ್ತ್ವವನ್ನೇ ಅನುಸರಿಸಿತು. ರೋಮ್ ನಗರದಲ್ಲಿ 1954ರಲ್ಲಿ ಸೋಫಿಯಾ ಕವಲ್ಲೆತ್ತಿ ಮತ್ತು ಜಾನ್ನಾ ಗೊಬ್ಬಿ ಎಂಬ ಮಹಿಳೆಯರು ಬಾರ್ಸಿಲೋನಾದ ಆ ಪ್ರಯೋಗವನ್ನು ಮುಂದುವರಿಸಿ, ಒಳ್ಳೆಯ ಕುರಿಗಾಹಿಯ ಧರ್ಮೋಪದೇಶವೆಂಬ ಕ್ರಮವನ್ನು ಆರಂಭಿಸಿದರು; ಅದು ಇಂದು ಅನೇಕ ದೇಶಗಳ ಧರ್ಮಕೇಂದ್ರಗಳಲ್ಲಿ ನಡೆಯುತ್ತಿದೆ.

ಪ್ರಿಯ ಭಕ್ತಾದಿಗಳೇ, ಸಾನ್ ಲೊರೆಂತ್ಸೊ ನಮಗೆ ದೂರದ ಊರಲ್ಲ. ಹಿರಿಯೂರಿನ ಹೊಲಗಳಲ್ಲಿ, ಹೊಳಲ್ಕೆರೆಯ ಅಡಕೆ ತೋಟಗಳಲ್ಲಿ, ಹೊಸದುರ್ಗದ ತೆಂಗಿನ ಸಾಲುಗಳ ನಡುವೆ, ಚಿತ್ರದುರ್ಗದ ಬಡಾವಣೆಗಳಲ್ಲಿ ಬೆಳಗಾಗುತ್ತಲೇ ಕೂಲಿಗೆ ಹೊರಡುವ ತಂದೆತಾಯಿಗಳಿದ್ದಾರೆ. ಅವರ ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿಯ ಸೋದರಿಯರು ಸರಳ ಕೆಲಸದವರಲ್ಲ. ಅವರದು ಪವಿತ್ರ ಸೇವೆ. ಇನ್ನೊಂದೆಡೆ, ಮೂರು ವರ್ಷದ ಕೂಸಿನ ಕೈಗೆ ಸೀಸದ ಕಡ್ಡಿ ಕೊಟ್ಟು, ಮನೆಗೆಲಸದ ಪುಸ್ತಕ ಹೊರಿಸಿ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸಿ ಅಳಿಸುವ ತಂದೆತಾಯಿಗಳೂ ನಮ್ಮಲ್ಲಿದ್ದಾರೆ. ಅಕ್ಷರ ಬೇಗ ಬಂದಿತೆಂದು ಸಂತೋಷಪಡುವ ಮುನ್ನ, ಅದರ ಬೆಲೆಯಾಗಿ ಮಗುವಿನ ಮನಶ್ಶಾಂತಿ ಹೋಯಿತೇ ಎಂದು ಕೇಳಿಕೊಳ್ಳಬೇಕು.

ನಾನೂ ನಿರ್ದೋಷಿಯಲ್ಲ. ಗುರುಮಠದಲ್ಲಿ ಅನೇಕ ವರ್ಷ ದೈವಶಾಸ್ತ್ರವನ್ನು ಓದಿ ಬಂದ ನಾನು, ಬಲಿಪೂಜೆಯ ನಡುವೆ ಮಾತನಾಡಿದ ಮಗುವನ್ನು ಹೊರಗೆ ಕರೆದೊಯ್ಯುವಂತೆ ಪೀಠದಿಂದಲೇ ಕಣ್ಸನ್ನೆ ಮಾಡಿದ್ದುಂಟು. ಧರ್ಮೋಪದೇಶದ ತರಗತಿಯಲ್ಲಿ ಪ್ರಾರ್ಥನೆಗಳನ್ನು ಬಾಯಿಪಾಠ ಒಪ್ಪಿಸದವರನ್ನು ನಿಲ್ಲಿಸಿದ್ದೂ ಉಂಟು. ಈ ತಾಯಿಯ ಚರಿತ್ರೆಯನ್ನು ಓದುವಾಗ, ಮಕ್ಕಳನ್ನು ತಡೆದ ಆ ಶಿಷ್ಯರ ಗುಂಪಿನಲ್ಲಿ ನಾನೂ ನಿಂತಿದ್ದೆನೆಂದು ನನಗೆ ಅನಿಸಿತು.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಧರ್ಮಕೇಂದ್ರದಲ್ಲಿ ಹೆಚ್ಚಿನ ಖರ್ಚಿಲ್ಲದೆ ನಾವು ಮಾಡಬಹುದಾದ ಕೆಲಸಗಳಿವೆ. ಉಪದೇಶದ ತರಗತಿಗೆ ಮುನ್ನ ಮಕ್ಕಳನ್ನು ಒಂದು ನಿಮಿಷ ಮೌನವಾಗಿ ಕೂರಿಸಿ, ಪ್ರತಿಯೊಬ್ಬರ ಹೆಸರನ್ನೂ ಮೆಲ್ಲಗೆ ಕರೆಯಬಹುದು. ದೇವಾಲಯದ ಹಿತ್ತಲಿನಲ್ಲಿ ಒಂದು ಸಾಲು ಧಾನ್ಯವನ್ನು ಅವರ ಕೈಯಿಂದಲೇ ಬಿತ್ತಿಸಿ, ಕೊಯ್ಲಿನ ದಿನ ಅದನ್ನು ಕಾಣಿಕೆಯಾಗಿ ಪೀಠಕ್ಕೆ ತರಿಸಬಹುದು. ಮಗುವು ತನ್ನ ಕೆಲಸದಲ್ಲಿ ಮಗ್ನವಾಗಿದ್ದಾಗ, ಅದು ಬುತ್ತಿಯ ಮುಚ್ಚಳವನ್ನು ಹಾಕುವ ಕೆಲಸವೇ ಆಗಲಿ, ಹಿರಿಯರಾದ ನಾವು ಕೈಚಾಚದೆ ಕಾಯಬಹುದು.

ಕಾಯುವುದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರವು ಮತ್ತೆ ಕೋಡಿ ಹರಿದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಬಳಿಕ. ಮಗುವಿನ ಮನಸ್ಸೂ ಹನಿಹನಿಯಾಗಿ, ನಮ್ಮ ಕಣ್ಣಿಗೆ ಕಾಣದಂತೆ ತುಂಬುತ್ತದೆ. ತುಂಬುವವರು ದೇವರು, ಕಟ್ಟೆ ಒಡೆಯದಂತೆ ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ. ಮಕ್ಕಳನ್ನು ತಮ್ಮ ತೋಳುಗಳಲ್ಲಿ ಎತ್ತಿಕೊಂಡು ಹರಸಿದ ಪ್ರಭು ಯೇಸುಸ್ವಾಮಿಯು ನಮ್ಮ ಧರ್ಮಕೇಂದ್ರದ ಪುಟಾಣಿಗಳನ್ನೂ, ಅವರನ್ನು ಸಾಕಿ ಕಲಿಸುವ ಎಲ್ಲ ತಾಯಂದಿರನ್ನೂ, ಮಗುವಿನಿಂದ ದೂರವಾಗಿ ಒಳಗೊಳಗೇ ಅಳುವ ತಾಯಂದಿರನ್ನೂ ಆಶೀರ್ವದಿಸಲೆಂದು ಪ್ರಾರ್ಥಿಸುತ್ತೇನೆ.